ಚಾಚಾ ಬಿಟ್ಟ ಎರಡು ಪೆಟ್ಟು

ಬ್ಯಾಂಡ್ ಶುರು ಮಾಡುವುದು ಯಾರಿಗಾದರೂ ಬರುತ್ತದೆ, ನಿಲ್ಲಿಸುವುದೇ ಕಷ್ಟ. ಪಲ್ಟನ್ನಿನ ಬ್ಯಾಂಡಿಗೆ ಸೇರಿದ ಹೊಸದರಲ್ಲೇ ನಮ್ಮ ಉಸ್ತಾದರು ಈ ಮಾತು ಹೇಳಿ, ಮರೆಯಬಾರದೆಂದು ನನ್ನ ತಲೆಗೊಂದು ಮೊಟಕಿದ್ದರು. ಊದುವವರು ಊದುತ್ತಿರುತ್ತಾರೆ, ಹಿಂದಿನ ಜವಾನರು ನಡೆಯುತ್ತಿರುತ್ತಾರೆ, ಆ ಗದ್ದಲದಲ್ಲಿ ಬಾಯಿಂದ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ಹೊಟ್ಟೆಯ ಮೇಲೆ ದೊಡ್ಡ ಡ್ರಮ್ ಹೊತ್ತವನು ಸೂಚನೆ ಕೊಡುತ್ತಾನೆ. ಅವನ ದಪ್ಪ ಪೆಟ್ಟು ಬೀಳುವುದು ಎಡಗಾಲಿಗೆ. ಎಡಗಾಲಿಗೊಂದು, ಅದರ ಬೆನ್ನಿಗೇ ಬಲಗಾಲಿಗೊಂದು ಒತ್ತಿ ಬಿದ್ದರೆ, ಹಾಡಿನ ಈ ಸಾಲು ಮುಗಿಯುತ್ತಲೇ ಎಲ್ಲರೂ ನಿಲ್ಲಬೇಕು ಎಂದು ಅರ್ಥ. ಡಬಲ್ ಪೆಟ್ಟು ಎನ್ನುತ್ತಿದ್ದೆವು.

ಆ ಡ್ರಮ್ ಹೊತ್ತವನು ನಾನು. ಪೆನ್ಶನ್ ಆದ ಮೇಲೆ ಮುಂಬಯಿಯ ಸಯನ್‌ನಲ್ಲಿ ಮನೆ ಮಾಡಿ, ಹತ್ತಿರದ ಆಫೀಸೊಂದರಲ್ಲಿ ವಾಚ್‌ಮನ್‌ಗಳ ಮೇಲ್ವಿಚಾರಣೆ ನೋಡಿಕೊಂಡಿದ್ದೆ. ಡ್ರಮ್ಮಿನ ನೆನಪಾಗುತ್ತಿದ್ದದ್ದು ಸೊಂಟ ನೋವು ಬಂದಾಗ ಮಾತ್ರ. ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಚೆಂಬೂರಿನಿಂದ ಫೋನ್ ಬಂತು.

ಅಲ್ಲಿ ಕನ್ನಡದ ಮಾಜಿ ಸೈನಿಕರದೊಂದು ಸಣ್ಣ ಕೂಟವಿದೆ. ಪ್ರತಿ ಗಣರಾಜ್ಯೋತ್ಸವಕ್ಕೆ ಕಾಲನಿಯ ರಸ್ತೆಯಲ್ಲಿ ಸಾಲಾಗಿ ಮಾರ್ಚ್ ಮಾಡಿ, ಮೈದಾನದಲ್ಲಿ ಧ್ವಜಕ್ಕೆ ಸಲಾಮು ಹೊಡೆಯುತ್ತಾರೆ. ಫೋನ್ ಮಾಡಿದವರು ಕೂಟದ ಸೆಕ್ರೆಟರಿ, ನೌಕಾಪಡೆಯಲ್ಲಿದ್ದವರು, ಉಡುಪಿ ಕಡೆಯವರು.

“ನೀವು ಆರ್ಮಿ ಬ್ಯಾಂಡಿನವರು ಅಲ್ವಾ? ಒಂದು ಉಪಕಾರ ಆಗ್ಬೇಕಿತ್ತು ಮಾರಾಯ್ರೆ. ಇಷ್ಟು ವರ್ಷ ಟೆಂಪೋದಲ್ಲಿ ಸ್ಪೀಕರ್ ಇಟ್ಟು ರೆಕಾರ್ಡ್ ಹಾಕ್ತಿದ್ದೆವು. ಸಸೂತ್ರ ನಡೀತಿತ್ತು. ಈ ಸಲ ನಮ್ಮ ಸುಬೇದಾರರು ಹಟ ಹಿಡಿದು ಕೂತಿದ್ದಾರೆ, ಡಬ್ಬಿಯ ಹಿಂದೆ ನಡೆಯುದಿಲ್ಲ ಅಂತ.”

ಸುಬೇದಾರರು ಬೆಳಗಾವಿ ಕಡೆಯವರು, ಕೂಟದಲ್ಲೆಲ್ಲ ಹಿರಿಯರು. ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಇಷ್ಟು ಸಣ್ಣ ಕಾರ್ಯಕ್ರಮಕ್ಕೆ ಸೇನೆಯ ಬ್ಯಾಂಡ್ ಬರುವುದಿಲ್ಲ. ಕೊನೆಗೆ ಧಾರಾವಿಯ ಒಂದು ಮದುವೆ ಬ್ಯಾಂಡನ್ನು ಗೊತ್ತುಮಾಡಿದ್ದರು.

“ಒಂದು ಸಲ ನೋಡುವ” ಅಂದರು ಸೆಕ್ರೆಟರಿ. “ಸರಿಯಾದ್ರೆ ಪ್ರತಿ ವರ್ಷ ಅವರೇ. ಮದುವೆ ಮೆರವಣಿಗೆಯ ಹಾಗೆ ಆದ್ರೆ ಬರುವ ವರ್ಷದಿಂದ ಸ್ಪೀಕರೇ, ಮತ್ತೆ ಆ ವಿಷಯ ಎತ್ಲಿಕ್ಕಿಲ್ಲ. ನೀವು ಸ್ವಲ್ಪ ತಿದ್ದಿ ಕೊಡ್ಬೇಕು.”

ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಳು. “ಹೋಗ್ರಿ, ಹೋಗ್ರಿ. ಮನ್ಯಾಗ ನಮಗ ಕವಾಯತ್ ಮಾಡಸೂದರ ತಪ್ಪತೈತಿ” ಅಂದಳು.

ಭಾನುವಾರ ಬೆಳಿಗ್ಗೆ ಧಾರಾವಿಗೆ ಹೋದೆ. ಬ್ಯಾಂಡಿನ ಯಜಮಾನ ಅಲ್ಲಿಯ ಎಲ್ಲರ ಬಾಯಲ್ಲೂ ಚಾಚಾ, ಅದೇ ದಿನ ನನಗೂ ಚಾಚಾ ಆದರು. ವಿಜಯಪುರ ಕಡೆಯ ಮನೆತನ. ಎತ್ತರದ ಆಳು, ಮೆಹಂದಿ ಹಚ್ಚಿದ ಗಡ್ಡ. ಬ್ಯಾಂಡಿನ ದೊಡ್ಡ ಡ್ರಮ್ ಬಾರಿಸುವವರೂ ಅವರೇ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೆಂಪು ಕೋಟುಗಳು ಸಾಲಾಗಿ ತೂಗುತ್ತಿದ್ದವು. ಹಳದಿ ಜರಿಯ ಪಟ್ಟಿ, ಭುಜದ ಮೇಲೆ ಕುಚ್ಚು, ಹಿತ್ತಾಳೆ ಬಣ್ಣದ ಗುಂಡಿ. ಚಾಚಾ ಒಂದು ಕೋಟನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

“ನೋಡ್ರಿ ಹವಾಲ್ದಾರ್ ಸಾಬ್, ಇದು ಫೌಜಿ ಕೋಟ ಹೌದಲ್ಲೋ? ನಮ್ಮ ಅಜ್ಜಾಗ ಕಾರ್ನೆಟ್ ತುತ್ತೂರಿ ಕಲಿಸಿದಾವ ಫೌಜಿನ ಛಾವಣಿಯಿಂದ ನೌಕರಿ ಬಿಟ್ಟು ಬಂದಾವ. ಬಾಜಾನೂ ಅವಂದ, ಕೋಟಿನ ನಮೂನಿನೂ ಅವಂದ. ಮೂರು ತಲಿ ಆತು, ಇದ ಕೋಟ ಹಾಕ್ಕೊಂಡು ಮದಿವಿಯೊಳಗ ಕುದರಿ ಮ್ಯಾಲಿನ ನವರದೇವನ ಮುಂದ ನಡದೇವಿ. ಫೌಜಿಗೋಳ ಮುಂದ ಒಮ್ಮೆನೂ ನಡದಿಲ್ಲ. ಹುಡುಗ್ರು ಡೂಪ್ಲಿಕೇಟ್ ಫೌಜಿ ಅಂತ ನಗ್ತಾರ. ಒಂದ ಸಲ ಖರೇ ಫೌಜಿಗೋಳ ಮುಂದ ಸರಿಯಾಗಿ ನಡದ್ರ ಸಾಕ ನಂಗ. ಆಮ್ಯಾಲ ಕೋಟ ಕಳಚಿ ಇಡೂದಾದ್ರೂ ಅಡ್ಡಿ ಇಲ್ಲ.”

ಮದುವೆಗಳಿಗೆ ಈಗ ಲಾರಿಯಷ್ಟು ದೊಡ್ಡ ಡಿಜೆ ಬರುತ್ತದೆ. ಕೋಟು ಕಳಚಿಡುವ ಮಾತು ಅವರು ಸುಮ್ಮನೆ ಆಡಿದ್ದಲ್ಲ ಎಂದು ನನಗೆ ಗೊತ್ತಾಯಿತು. ಆ ಕ್ಷಣಕ್ಕೇ ನನಗೆ ಅವರು ಇಷ್ಟವಾಗಿಬಿಟ್ಟರು.

ಅವರು ಹೇಳಿದ ಚರಿತ್ರೆ ಸುಳ್ಳೇನಲ್ಲ. ನಮ್ಮ ಉಸ್ತಾದರೂ ಇದನ್ನೇ ಹೇಳುತ್ತಿದ್ದರು. ಮೊದಮೊದಲು ಡ್ರಮ್ಮು, ಬಿಗುಲು ಇದ್ದದ್ದು ಹಾಡಿಗಲ್ಲ, ಹುಕುಮಿಗೆ: ಏಳು, ಉಣ್ಣು, ಸಾಲು ಕಟ್ಟು, ಮುಂದೆ ನಡೆ, ಹಿಂದೆ ಸರಿ. ಮದ್ದಿನ ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ಸೈನಿಕ ಕಿವಿಯಿಂದಲೇ ನಡೆಯುತ್ತಿದ್ದ. ಆಮೇಲೆ ಅದಕ್ಕೆ ರಾಗ ಸೇರಿತು, ಜರಿ ಸೇರಿತು. ಛಾವಣಿಯಿಂದ ಹೊರಬಿದ್ದ ಬಾಜಾದವರು ಹೊಟ್ಟೆಪಾಡಿಗೆ ಪೇಟೆಯವರಿಗೆ ಕಲಿಸಿದರು, ಪೇಟೆಯವರು ಅದನ್ನು ಮದುವೆಗೆ ಒಯ್ದರು. ಹಾಗೆ ನೋಡಿದರೆ ಚಾಚಾ ಮತ್ತು ನಾನು ದಾಯಾದಿಗಳೇ.

ತಾಲೀಮು ನಡೆದದ್ದು ಅಲ್ಲೇ ಒಂದು ಚರ್ಮದ ಕಾರ್ಖಾನೆಯ ಅಂಗಳದಲ್ಲಿ, ಭಾನುವಾರ ಅದಕ್ಕೆ ರಜೆ. ಮೊದಲ ದಿನ “ತೇಜ್ ಚಲ್” ಎಂದು ಕೂಗಿದೆ. ಕಾರ್ನೆಟ್ಟಿನವನು ಎಡಗಾಲಿನ ಬದಲು ಬಲಗಾಲು ಎತ್ತಿದ, ಕ್ಲಾರಿನೆಟ್ಟಿನವನು ಹಿಂದಕ್ಕೆ ನಡೆಯತೊಡಗಿದ. ವರನ ಕಡೆ ಮುಖ ಮಾಡಿ ಹಿಂದೆ ಹಿಂದೆ ಹೆಜ್ಜೆ ಹಾಕುವುದು ಅವರ ರೂಢಿ. ಕಾಲಲ್ಲಿ ಚಪ್ಪಲಿ, ಅದರ ಚಟಪಟ ಸದ್ದು ಬೇರೆ. ಚಾಚಾನ ಡ್ರಮ್ ಗಾಲಿಯ ಗಾಡಿಯ ಮೇಲಿತ್ತು. ನಾನು ಹಣೆ ಚಚ್ಚಿಕೊಂಡೆ.

ಆದರೆ ಕಲಿಯುವ ಮನಸ್ಸಿದ್ದವರು. ಬೂಟು ಹೊಂದಿಸಿದರು. ಡ್ರಮ್ಮನ್ನು ಗಾಡಿಯಿಂದ ಇಳಿಸಿ ಚಾಚಾನ ಹೆಗಲಿಗೆ ಪಟ್ಟಿ ಕಟ್ಟಿದೆವು. ಹಿಮ್ಮಡಿ ಧಪ್ಪನೆ ಇಟ್ಟರೆ ಕಾರ್ನೆಟ್ಟಿನ ತುದಿ ಹಲ್ಲಿಗೆ ಬಡಿದು ತುಟಿ ಒಡೆಯುತ್ತದೆ, ಅದಕ್ಕೆ ಹಿಮ್ಮಡಿ ಊರಿ ಪಾದ ಉರುಳಿಸುವುದನ್ನು ಕಲಿಸಿದೆ. ಒಂದು ಸಾದಾ ಮಾರ್ಚ್ ಆರಿಸಿ, ಅದನ್ನು ಬಾಯಿಂದ ಹಾಡಿ ತೋರಿಸಿದೆ. ಅವರು ಕಾಗದ ನೋಡುವವರಲ್ಲ, ಕಿವಿಯಿಂದಲೇ ಹಿಡಿದರು. ನಾಲ್ಕು ಸಲ ಕೇಳಿದ್ದನ್ನು ಐದನೆಯ ಸಲ ತಿರುಗಿ ಬಾರಿಸಿದರು, ನನಗಿಂತ ಚೆನ್ನಾಗಿ.

ಆಮೇಲೆ ನಿಲ್ಲಿಸುವ ಪಾಠಕ್ಕೆ ಬಂದೆ. ಮದುವೆ ಬ್ಯಾಂಡ್ ತಾನಾಗಿ ನಿಲ್ಲುವುದೇ ಇಲ್ಲ. ಕುಣಿಯುವವರಿಗೆ ದಣಿವಾದಾಗ ಊದುವವರು ಒಬ್ಬೊಬ್ಬರಾಗಿ ಬಾಜಾದಿಂದ ಬಾಯಿ ತೆಗೆಯುತ್ತಾರೆ. ಡಬಲ್ ಪೆಟ್ಟಿನ ವಿಷಯ ಹೇಳಿದೆ. ಚಾಚಾ ತಲೆಯಾಡಿಸಿದರು. ಒಮ್ಮೆ ಬಾರಿಸಿ, ನಾನು ಮುಂದೆ ನಿಂತು ಕೈಕೋಲು, ಅಂದರೆ ದಂಡ, ಎತ್ತಿದಾಗ ಎರಡು ಪೆಟ್ಟು ಹಾಕಿದರು, ಬ್ಯಾಂಡ್ ಕತ್ತರಿಸಿದಂತೆ ನಿಂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಎಲ್ಲರಿಗೂ ಚಹಾ ಹೇಳಿದೆ.

ಚಹಾ ಕುಡಿದು ಎರಡನೆಯ ಸಲ ಹೊರಟೆವು. ಅರ್ಧಕ್ಕೆ ಬಂದಾಗ ಕಾರ್ನೆಟ್ಟಿನವನು ಒಂದು ಸ್ವರವನ್ನು ಚೆಂದಾಗಿ ಎಳೆದ. ಅದಕ್ಕೆ ಚಾಚಾನ ಕೈ ತಾನಾಗಿ ಧಡಂ ಧಡಂ ಎಂದಿತು. ಪಾಠ ಕಲಿತ ಅರ್ಧ ಜನ ಸಾಲು ಮುಗಿಸಿ ನಿಂತರು. ಇನ್ನರ್ಧ ಜನ ಮುಂದೆ ಹೋದರು. ಕ್ಲಾರಿನೆಟ್ಟಿನವನು ಕಣ್ಣು ಮುಚ್ಚಿ ಊದುತ್ತಾ ಗೋಡೆಯ ತನಕ ಹೋಗಿ ಮುಟ್ಟಿದ.

“ಚಾಚಾ, ಯಾಕ ಹೊಡದ್ರಿ?”

“ಏನ್ ಹೊಡದೆ?”

“ಡಬಲ್ ಪೆಟ್ಟು.”

“ನಾನೆಲ್ಲಿ ಹೊಡದೇನ್ರಿ? ಅಲ್ಲಾನ ಆಣಿ, ಹೊಡದಿಲ್ಲ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಕೈ ಹೊಡೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಒಳ್ಳೆಯ ಸ್ವರ ಕೇಳಿದರೆ, ಬೀದಿಯಲ್ಲಿ ಯಾರಾದರೂ ಹೆಣ್ಣುಮಗಳು ಕುಣಿಯಲು ಇಳಿದರೆ, ಶಭಾಷ್ ಎಂದು ಬಾಯಲ್ಲಿ ಹೇಳುವ ಬದಲು ಕೈಯಲ್ಲಿ ಹೇಳುವ ಅಭ್ಯಾಸ. ಸೇನೆಯಲ್ಲಿ ನಿಲ್ಲು ಎನ್ನುವ ಪೆಟ್ಟು ಚಾಚಾನ ಕೈಯಲ್ಲಿ ಬಹಳ ಚೆಂದಾತು ಎನ್ನುವ ಪೆಟ್ಟಾಗಿತ್ತು. ಅದೂ ಸಾಲದೆಂಬಂತೆ ಖುಷಿಯಾದಾಗ ವೇಗವೂ ಏರುತ್ತಿತ್ತು.

ಮುಂದಿನ ತಾಲೀಮುಗಳು ಈ ಎರಡು ಪೆಟ್ಟಿನ ಜೊತೆ ಗುದ್ದಾಟದಲ್ಲೇ ಹೋದವು. ಬೈದೆ. ಬೇಡಿಕೊಂಡೆ. ಮಣಿಕಟ್ಟಿಗೆ ಕರವಸ್ತ್ರ ಕಟ್ಟಿ ನೆನಪಿಟ್ಟುಕೊಳ್ಳಿ ಎಂದೆ. ಕರವಸ್ತ್ರ ಕಟ್ಟಿದ ದಿನ ಚಾಚಾ ಡಬಲ್ ಪೆಟ್ಟು ಹಾಕಲಿಲ್ಲ ನಿಜ. ತುಟಿ ಬಿಗಿಹಿಡಿದು, ನೆಲ ನೋಡಿಕೊಂಡು, ಒಂದೊಂದೇ ಪೆಟ್ಟು ಹಾಕಿದರು. ಬ್ಯಾಂಡ್ ಪೂರ್ತಿ ಸಪ್ಪೆಯಾಯಿತು. ಕಾರ್ನೆಟ್ಟಿನವನು ಎಲ್ಲಿಯೂ ಸ್ವರ ಎಳೆಯಲಿಲ್ಲ, ಎಳೆದರೆ ಚಾಚಾನಿಗೆ ಕಷ್ಟವಾದೀತೆಂದು ಅವನಿಗೆ ಭಯ.

ಅದೇ ದಿನ ಸೆಕ್ರೆಟರಿ ನೋಡಲು ಬಂದಿದ್ದರು. ಬದಿಗೆ ಕರೆದು ಮೆಲ್ಲಗೆ ಹೇಳಿದರು: “ಆ ಮುದುಕರಿಗೆ ಯಾಕೆ ಹಿಂಸೆ? ಡ್ರಮ್ ನೀವೇ ಕಟ್ಟಿಕೊಳ್ಳಿ. ನಿಮಗೆ ಅದು ನೀರು ಕುಡಿದ ಹಾಗೆ ಅಲ್ವಾ?”

ಚಾಚಾನಿಗೆ ಕೇಳಿಸಿತ್ತು. ಪಟ್ಟಿ ಬಿಚ್ಚಿ ಡ್ರಮ್ಮನ್ನು ನನ್ನ ಮುಂದೆ ಇಟ್ಟರು. ನಾನು ಕಟ್ಟಿಕೊಂಡೆ. ಎಷ್ಟೋ ವರ್ಷದ ಮೇಲೆ ಆ ಭಾರ ಹೊಟ್ಟೆಗೆ ತಾಗಿದಾಗ ಸುಖವೇ ಆಯಿತು, ಯಾಕೆ ಸುಳ್ಳು ಹೇಳಲಿ. ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಡಬಲ್ ಪೆಟ್ಟು ಹಾಕಿದೆ, ಎಲ್ಲರೂ ನಿಂತರು. ಸೆಕ್ರೆಟರಿ ಚಪ್ಪಾಳೆ ತಟ್ಟಿದರು. ಚಾಚಾ ನೀರಿನ ಕ್ಯಾನ್ ಹಿಡಿದುಕೊಂಡು ನಮ್ಮ ಪಕ್ಕದಲ್ಲೇ ನಡೆದು ಬಂದಿದ್ದರು. ಕ್ಯಾನ್ ಇಲ್ಲದ ಕೈ ತೊಡೆಯ ಮೇಲೆ ಪೆಟ್ಟು ಹಾಕುತ್ತಲೇ ಇತ್ತು.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ, ಕೆಲಸ ಬಗೆಹರಿಯಿತು ಎನ್ನುವ ಧಾಟಿಯಲ್ಲಿ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಅಂದ್ರ ಅವ್ರ ಬ್ಯಾಂಡ್, ಅವ್ರ ಡ್ರಮ್ಮು, ಅವ್ರ ಆಸೆ. ನಡಿಯಾವ್ರು ನೀವು. ಭಾಳ ಚೆಂದ ಆತ ಬಿಡ್ರಿ” ಅಂದಳು.

ಸಿಟ್ಟು ಬಂತು. ಅವಳ ಮೇಲೆ ಬಂದದ್ದಲ್ಲ ಎಂದು ಊಟ ಮುಗಿಯುವಷ್ಟರಲ್ಲಿ ತಿಳಿಯಿತು.

ಮರುದಿನ ಕೆಲಸ ಮುಗಿಸಿ ನೇರವಾಗಿ ಧಾರಾವಿಗೆ ಹೋದೆ. ಚಾಚಾ ಗಲ್ಲಿಯ ಚಹಾದಂಗಡಿಯಲ್ಲಿ ಕಾರ್ನೆಟ್ಟಿನವನ ಜೊತೆ ಕೂತಿದ್ದರು. ನನ್ನನ್ನು ನೋಡಿ ಜಾಗ ಮಾಡಿಕೊಟ್ಟರು, ಮುಖದಲ್ಲಿ ಬೇಸರವಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ನಾನು ಕೂತ ಕೂಡಲೇ ಅವರೇ ಕೇಳಿದರು: “ಲಡಾಯಿ ಹತ್ತಿದ್ರ ಬ್ಯಾಂಡಿನವ್ರು ಏನ್ ಮಾಡ್ತಾರ್ರಿ? ಬಾಜಾ ಬಾರಿಸ್ತಾರೇನು?”

“ಇಲ್ಲ ಚಾಚಾ. ಬಾಜಾ ಕೆಳಗಿಟ್ಟು ಸ್ಟ್ರೆಚರ್ ಎತ್ತೂದು. ಗಾಯ ಆದವ್ರನ್ನ ಹೊರೂ ಕೆಲಸ ನಮ್ಮದು. ಅದರದೂ ಟ್ರೇನಿಂಗ್ ಇರತೈತಿ.”

“ಹೌದೇನು” ಎಂದರು ಅವರು. ಬಲಗೈ ಬೆಂಚಿನ ಮೇಲೆ ತನ್ನ ಪಾಡಿಗೆ ತಾಳ ಹಾಕುತ್ತಿತ್ತು. ಕಾರ್ನೆಟ್ಟಿನವನು ಮೊಬೈಲ್ ನೋಡುತ್ತಿದ್ದ, ಅಂಗಡಿಯವನು ಹಾಲು ಕಾಯಿಸುತ್ತಿದ್ದ. ಚಾಚಾ ಗ್ಲಾಸ್ ಎತ್ತಲೆಂದು ಕೈ ನಿಲ್ಲಿಸಿದರು. ತಕ್ಷಣ ಕಾರ್ನೆಟ್ಟಿನವನು ಮೊಬೈಲಿನಿಂದ ತಲೆ ಎತ್ತಿ, “ಕ್ಯಾ ಹುವಾ ಚಾಚಾ?” ಅಂದ. ಅಂಗಡಿಯವನೂ ತಿರುಗಿ ನೋಡಿದ.

ಆಗ ನನಗೆ ಹೊಳೆಯಿತು. ಈ ಮನುಷ್ಯ ಬಾರಿಸುವುದು ಯಾರ ಗಮನಕ್ಕೂ ಬರುವುದಿಲ್ಲ. ನಿಲ್ಲಿಸಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

“ಚಾಚಾ, ಡ್ರಮ್ ನೀವ ಬಾರಸ್ರಿ” ಎಂದೆ. “ಧಡಂ ಧಡಂ ಎಷ್ಟ ಬೇಕಾದಷ್ಟು ಹಾಕ್ರಿ. ನಿಲ್ಲಸೂದಿದ್ದಾಗ ಮಾತ್ರ ಎಡಗಾಲಿನ ಎರಡು ಪೆಟ್ಟು ಬಿಟ್ಟಬಿಡ್ರಿ. ಹೊಡಿಬ್ಯಾಡ್ರಿ, ಬಿಡ್ರಿ. ಆ ಸಾಲು ಮುಗಿದ ಕೂಡ್ಲೆ ಎಲ್ಲಾರೂ ನಿಂದರ್ತಾರ.”

ಚಾಚಾ ನನ್ನನ್ನೇ ನೋಡಿದರು. “ಫೌಜಿನ್ಯಾಗ ಹಿಂಗ ಮಾಡ್ತಾರೇನು?”

“ಇಲ್ಲ.”

“ಮತ್ತ?”

“ಚೆಂಬೂರಿನ್ಯಾಗ ಮಾಡೂನು.”

ಧೈರ್ಯದಿಂದ ಹೇಳಿದೆನಾದರೂ ಒಳಗೆ ಅಳುಕಿತ್ತು. ಉಸ್ತಾದರಿದ್ದಿದ್ದರೆ ಇನ್ನೊಂದು ಮೊಟಕು ಗ್ಯಾರಂಟಿ. ಅದಕ್ಕಿಂತ ದೊಡ್ಡ ಚಿಂತೆ, ಹಿಂದೆ ನಡೆಯುವವರೆಲ್ಲ ವಯಸ್ಸಾದವರು. ಅವರಿಗೆ ಆ ಡ್ರಮ್ಮೇ ಊರುಗೋಲು. ಎರಡು ಪೆಟ್ಟು ಬಿಟ್ಟರೆ, ಧ್ವಜದ ಮುಂದೆ, ಕಾಲು ತಪ್ಪಿದರೆ ಏನು ಗತಿ? ಸೆಕ್ರೆಟರಿಗೆ ಹೇಳಿದೆ. “ನಿಮ್ಮ ಜವಾಬ್ದಾರಿ ಮಾರಾಯ್ರೆ. ಏನಾದ್ರೂ ಆದ್ರೆ ನಾನು ಸ್ಪೀಕರಿನ ಕಡೆ” ಎಂದರು ಅವರು. ಉಳಿದ ತಾಲೀಮುಗಳಲ್ಲಿ ಚಾಚಾ ಮನಸೋ ಇಚ್ಛೆ ಬಾರಿಸಿದರು, ಬಿಡಬೇಕಾದಲ್ಲಿ ಬಿಟ್ಟರು. ಒಂದು ಸಲವೂ ತಪ್ಪಲಿಲ್ಲ. ವೇಗ ಮಾತ್ರ ಖುಷಿಯಾದಾಗ ಏರುತ್ತಲೇ ಇತ್ತು. ನಾನು ದಂಡ ಅಲ್ಲಾಡಿಸಿ ಕಣ್ಣಲ್ಲೇ ಗದರಿಸುವುದು, ಅವರು ನಕ್ಕು ಇಳಿಸುವುದು ನಡೆಯುತ್ತಿತ್ತು.

ಜನವರಿ ಇಪ್ಪತ್ತಾರರ ಬೆಳಿಗ್ಗೆ ಚೆಂಬೂರಿನ ಕಾಲನಿಯಲ್ಲಿ ಜನ ಬಾಲ್ಕನಿಗಳಲ್ಲಿ ನಿಂತಿದ್ದರು. ನಮ್ಮವರ ಕೆಂಪು ಕೋಟು ಇಸ್ತ್ರಿಯಾಗಿತ್ತು, ಬೂಟು ಹೊಳೆಯುತ್ತಿತ್ತು. ನಾನು ಬ್ಲೇಜರ್ ಹಾಕಿ ಪದಕ ತೂಗಿಸಿಕೊಂಡು, ದಂಡ ಹಿಡಿದು ಮುಂದೆ ನಿಂತೆ. ಸುಬೇದಾರರು ಸೈನಿಕರ ಮೊದಲ ಸಾಲಿನ ಬಲತುದಿಯಲ್ಲಿದ್ದರು. ಒಣಕಲು ಮೈ, ನೆಟ್ಟಗಿನ ಬೆನ್ನು. ಹೊರಡುವ ಮುಂಚೆ ಬ್ಯಾಂಡಿನ ಹತ್ತಿರ ಬಂದು ಎಲ್ಲರ ಬೂಟು ನೋಡಿ, “ಚಲೋ ಐತಿ” ಎಂದಷ್ಟೇ ಹೇಳಿ ಹೋದರು. ಚಾಚಾ ಎರಡು ಸಲ ನೀರು ಕುಡಿದರು.

ಹೊರಟೆವು. ಬಾಲ್ಕನಿಗಳಿಂದ ಚಪ್ಪಾಳೆ ಬಂತು, ಚಾಚಾನ ಕೈಗೆ ಹುಮ್ಮಸ್ಸು ಬಂತು. ಧಡಂ ಧಡಂ. ಯಾರೂ ನಿಲ್ಲಲಿಲ್ಲ, ಬ್ಯಾಂಡ್ ಜೀವ ತುಂಬಿಕೊಂಡು ನಡೆಯಿತು. ವೇಗ ಸ್ವಲ್ಪ ಏರಿತು. ಕಣ್ಣಲ್ಲಿ ಗದರಿಸಲು ನಾನು ತಿರುಗಿ ನೋಡುವಂತಿರಲಿಲ್ಲ.

ಮೈದಾನದ ಗೇಟು ದಾಟಿ ಬ್ಯಾಂಡ್ ಪಕ್ಕಕ್ಕೆ ಸರಿದು, ನಿಂತಲ್ಲೇ ಬಾರಿಸುತ್ತಿತ್ತು. ಸೈನಿಕರು ಧ್ವಜದ ಮುಂದೆ ಬಂದು “ಕದಮ್ ತಾಲ್” ಹುಕುಮಿಗೆ ನಿಂತಲ್ಲೇ ಹೆಜ್ಜೆ ಹಾಕತೊಡಗಿದರು. ಈಗ ಬ್ಯಾಂಡ್ ನಿಂತರೆ ಅವರೂ ನಿಲ್ಲುತ್ತಾರೆ. ನಾನು ಗೇಟಿಗೆ ಬೆನ್ನು ಹಾಕಿ, ಬ್ಯಾಂಡಿನತ್ತ ತಿರುಗಿ, ದಂಡ ಎತ್ತಿದೆ.

ಚಾಚಾ ದಂಡ ನೋಡಿದರು. ನೋಡಿದ್ದನ್ನು ನಾನು ಕಂಡೆ. ಆಮೇಲೆ ನನ್ನ ಹೆಗಲ ಮೇಲಿಂದ ಎಲ್ಲೋ ಆಚೆ ನೋಡಿದರು. ಪೆಟ್ಟು ಬಿತ್ತು. ಇನ್ನೊಂದು ಬಿತ್ತು. ಸಾಲು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ದಂಡವನ್ನು ಇನ್ನೂ ಎತ್ತರಕ್ಕೆ ಹಿಡಿದೆ. ಪೆಟ್ಟು ಬೀಳುತ್ತಲೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಲ್ಲು ಕಡಿದೆ. ಸೆಕ್ರೆಟರಿ ಬಗ್ಗಿಕೊಂಡು ಓಡಿ ಬಂದರು.

“ಎಂತದು ಮಾರಾಯ್ರೆ, ನಿಲ್ಲಿಸಿ. ಮುದುಕರು ಬಿದ್ದು ಹೋದಾರು.”

ಅಷ್ಟರಲ್ಲಿ ಡ್ರಮ್ ನಿಧಾನವಾಗತೊಡಗಿತು. ಅದರಿಂದ ನನ್ನ ಸಿಟ್ಟು ಇಳಿದು ಎಚ್ಚರವಾಯಿತು. ಇಷ್ಟು ದಿನದಲ್ಲಿ ಚಾಚಾ ವೇಗ ಏರಿಸಿದ್ದನ್ನು ನೋಡಿದ್ದೆ, ನಾನು ಹೇಳದೆ ಇಳಿಸಿದ್ದನ್ನು ನೋಡಿರಲಿಲ್ಲ. ಪರೇಡಿನಲ್ಲಿ ಎಂದೂ ಮಾಡದ ಕೆಲಸ ಮಾಡಿದೆ, ದಂಡ ಎತ್ತಿ ಹಿಡಿದೇ ಹಿಂದಕ್ಕೆ ತಿರುಗಿ ನೋಡಿದೆ.

ಗೇಟಿನಲ್ಲಿ ಸುಬೇದಾರರು ಒಬ್ಬರೇ ಇದ್ದರು. ರಸ್ತೆಯ ತಿರುವಿನಲ್ಲಿ ಮೊಣಕಾಲು ಹಿಡಿದುಕೊಂಡಿತ್ತಂತೆ. ಸಾಲು ಕೆಡಬಾರದೆಂದು ಪಕ್ಕದವರಿಗೆ ಮುಂದೆ ನಡೆಯಲು ಹೇಳಿ ತಾವು ಹೊರಗೆ ಸರಿದಿದ್ದರಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಬಲಗಾಲು ಎಳೆಯುತ್ತಿದೆ, ಬೆನ್ನು ನೆಟ್ಟಗಿದೆ, ಕೈ ಭುಜದೆತ್ತರಕ್ಕೆ ಬೀಸುತ್ತಿದೆ. ಗೇಟಿನ ಕಡೆಯ ಖಾಲಿ ಜಾಗದಲ್ಲಿ ಅವರೊಬ್ಬರೇ ಮಾರ್ಚ್ ಮಾಡಿಕೊಂಡು ಬರುತ್ತಿದ್ದಾರೆ. ಚಾಚಾನ ಒಂದೊಂದು ಪೆಟ್ಟೂ ಅವರ ಎಡಗಾಲು ನೆಲ ಮುಟ್ಟುವ ತನಕ ಕಾದು ಬೀಳುತ್ತಿತ್ತು.

ನಾನು ದಂಡ ಇಳಿಸಿದೆ. “ನಿಲ್ಲಿಸೂದಿಲ್ಲ” ಎಂದೆ ಸೆಕ್ರೆಟರಿಗೆ. ಅವರು ಗೇಟಿನತ್ತ ನೋಡಿ ಪಕ್ಕಕ್ಕೆ ಸರಿದರು. ಕಾರ್ನೆಟ್ಟಿನವನು ಉಸಿರು ಉಳಿಸಿಕೊಂಡು ಉದ್ದುದ್ದ ಎಳೆದ. ಧ್ವಜದ ಮುಂದೆ ಹೆಜ್ಜೆ ಹಾಕುತ್ತಿದ್ದವರ ಕಾಲುಗಳೂ ಡ್ರಮ್ಮಿನ ಜೊತೆ ನಿಧಾನವಾದವು. ಇಡೀ ಮೈದಾನ ಒಬ್ಬ ಮನುಷ್ಯನ ಮೊಣಕಾಲಿನ ಲೆಕ್ಕದಲ್ಲಿ ನಡೆಯುತ್ತಿತ್ತು. ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಸುಬೇದಾರರು ತಮ್ಮ ಜಾಗಕ್ಕೆ ಬರಲು ಸ್ವಲ್ಪವೇ ಉಳಿದಾಗ ಚಾಚಾ ಡ್ರಮ್ಮಿನ ಕೋಲನ್ನು ಎತ್ತಿ ಹಾಗೇ ಹಿಡಿದರು. ಮೊದಲ ಪೆಟ್ಟು ಬಿಟ್ಟರು. ಸುಬೇದಾರರ ಎಡಗಾಲು ಸರಿಯಾಗಿ ಅಲ್ಲೇ ಬಿತ್ತು. ಎರಡನೆಯದನ್ನೂ ಬಿಟ್ಟರು. ಅದಕ್ಕೂ ಎಡಗಾಲು ಬಿತ್ತು. ಸದ್ದು ಕೇಳಿಸಲಿಲ್ಲ, ಆದರೆ ನಾನು ಕಣ್ಣಾರೆ ಕಂಡೆ, ಡ್ರಮ್ ಬಿಟ್ಟ ಎರಡೂ ಪೆಟ್ಟನ್ನು ಅವರ ಕಾಲು ಹಾಕಿತು. ಸಾಲು ಮುಗಿಯಿತು, ಬ್ಯಾಂಡ್ ನಿಂತಿತು, “ಥಮ್” ಎಂಬ ಹುಕುಮಿಗೆ ಎಲ್ಲ ಬೂಟುಗಳೂ ಒಟ್ಟಿಗೆ ಬಿದ್ದವು. ಕಾಗೆಯೊಂದು ಕೂಗಿದ್ದು ಕೇಳಿಸಿತು.

ಧ್ವಜವಂದನೆ ಮುಗಿದು ಜನ ಚದುರಿದ ಮೇಲೆ ಸುಬೇದಾರರು ಸೆಕ್ರೆಟರಿಯ ಹೆಗಲು ಹಿಡಿದುಕೊಂಡು ಬ್ಯಾಂಡಿನ ಕಡೆ ಬಂದರು. ಚಾಚಾ ಇನ್ನೂ ಡ್ರಮ್ ಬಿಚ್ಚಿರಲಿಲ್ಲ.

“ಹವಾಲ್ದಾರ್ ದಂಡ ಎತ್ತಿದ್ದು ನಾ ಗೇಟಿನಿಂದ ನೋಡೀನಿ” ಎಂದರು ಸುಬೇದಾರರು. “ನೀವ್ಯಾಕ ನಿಲ್ಲಿಸ್ಲಿಲ್ಲ?”

ತಪ್ಪು ಮಾಡಿದವರಂತೆ ಚಾಚಾ ತಲೆ ತಗ್ಗಿಸಿದರು. “ಒಬ್ಬ ಫೌಜಿ ಇನ್ನೂ ರಸ್ತಾದಾಗ ಇದ್ರಲ್ರಿ ಸಾಬ್.”

ಸುಬೇದಾರರು ಸೆಕ್ರೆಟರಿಯ ಹೆಗಲಿನಿಂದ ಕೈ ತೆಗೆದು, ನೋಯುವ ಕಾಲನ್ನು ಎಳೆದು ಜೋಡಿಸಿಕೊಂಡು, ಆ ಕೆಂಪು ಕೋಟಿಗೆ ಸಲಾಮು ಹೊಡೆದರು. ಚಾಚಾನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊಟ್ಟೆಯ ಮೇಲೆ ಡ್ರಮ್ಮು, ಎರಡೂ ಕೈಯಲ್ಲಿ ಕೋಲು. ಗಾಬರಿಯಾಗಿ ನನ್ನ ಮುಖ ನೋಡಿದರು.

“ಸೀದಾ ನಿಂದರ್ರಿ ಚಾಚಾ” ಎಂದೆ ಮೆಲ್ಲಗೆ. “ಅಷ್ಟ ಸಾಕು.”

ಅವರು ನಿಂತರು.